ಅಮ್ಮ ತುಳಿದು ನೋಡಿದ ಇಟ್ಟಿಗೆ

ಟೇಪು ಬಿಚ್ಚುವ ಮೊದಲೇ ಅವನು ಅಳತೆ ಹೇಳಿಬಿಟ್ಟ.

"ಉದ್ದ ಹದಿನೆಂಟು ಅಡಿ, ಅಗಲ ಹನ್ನೆರಡೂವರೆ. ಒಗೆಯೋ ಕಲ್ಲಿನ ಪಕ್ಕ ಒಂದು ಹಳೇ ಪೈಪು ಹೋಗಿದೆ. ಅಲ್ಲಿ ನಿಧಾನಕ್ಕೆ ಅಗೀಬೇಕು."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ರಂಜನಿ ತಲೆ ಎತ್ತಿದಳು. ಆ ಮನುಷ್ಯ ಮನೆಯೊಳಗೆ ಕಾಲಿಟ್ಟು ಐದು ನಿಮಿಷವೂ ಆಗಿರಲಿಲ್ಲ. ಹೆಸರು ಶಶಿಕುಮಾರ್, ಹಳೇಕೋಟೆ ರಸ್ತೆಯಲ್ಲಿ ಇಂಟರ್‌ಲಾಕ್ ಇಟ್ಟಿಗೆ ಮಾಡಿ, ಅಂಗಳಕ್ಕೆ ಹಾಸಿಕೊಡುತ್ತಾನೆ ಎಂದಷ್ಟೇ ಅಪ್ಪ ಹೇಳಿದ್ದರು.

"ಅಳೆಯದೆ ಹೇಗೆ ಗೊತ್ತಾಯ್ತು?"

ಅವನು ಕೈಯಲ್ಲಿದ್ದ ಪುಟ್ಟ ಪುಸ್ತಕವನ್ನು ಮುಚ್ಚಿದ. "ಓದ ವರ್ಷ ಒಂದ್ಸಲ ಬಂದಿದ್ದೆ ಮೇಡಂ. ಅಮ್ಮೋರು ಕರೆಸಿದ್ರು."

ಅಮ್ಮ...

ಏಳು ತಿಂಗಳ ಹಿಂದೆ, ಆಗಸ್ಟಿನ ಒಂದು ಬೆಳಗ್ಗೆ, ಇದೇ ಹಿತ್ತಲಿನ ಪಾಚಿಯ ಮೇಲೆ ರಂಗನಾಯಕಮ್ಮನವರ ಕಾಲು ಜಾರಿತ್ತು. ಸೊಂಟದ ಮೂಳೆ ಮುರಿಯಿತು. ಹಾಸನದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿದ್ದವರು ಇಪ್ಪತ್ತಮೂರನೆಯ ದಿನ ಕಣ್ಣು ತೆರೆಯಲಿಲ್ಲ.

"ಕರೆಸಿದ್ದರು ಅಂತೀರಿ. ಮತ್ತೆ ಯಾಕೆ ಮಾಡಿಕೊಡಲಿಲ್ಲ?"

ದನಿಯಲ್ಲಿ ಏರಿಳಿತವೇ ಇರಲಿಲ್ಲ. ತರಗತಿಯಲ್ಲಿ ಹಾಜರಿ ಕೂಗುವ ದನಿ ಅದು.

ಅವನು ಅವಳ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಅವಳ ಕಣ್ಣಲ್ಲಿ ಏನನ್ನೋ ಹುಡುಕಿ, ಸಿಗದೆ ಸುಮ್ಮನಾದ.

"ಆಗಲಿಲ್ಲ ಮೇಡಂ. ತಪ್ಪು ನಂದೇ."

ಅಷ್ಟೇ. ಒಂದು ನೆಪವೂ ಇಲ್ಲ.

ಇವನು ಆಗಲೇ ಬಂದು ಹಾಸಿಕೊಟ್ಟಿದ್ದರೆ ಇಲ್ಲಿ ಪಾಚಿ ಇರುತ್ತಿರಲಿಲ್ಲ. ಪಾಚಿ ಇಲ್ಲದಿದ್ದರೆ ಅಮ್ಮ ಬೀಳುತ್ತಿರಲಿಲ್ಲ. ಲೆಕ್ಕ ಸರಳವಾಗಿತ್ತು. ಈಗ ಸಿಟ್ಟು ಬರಬೇಕು ಎಂದುಕೊಂಡು ರಂಜನಿ ಕಾದಳು, ಥರ್ಮಾಮೀಟರಿನ ಪಾದರಸ ಏರುವುದನ್ನು ಕಾಯುವ ಹಾಗೆ.

ಏರಲಿಲ್ಲ.

* * *

ಮೂವತ್ತನಾಲ್ಕು ವರ್ಷದ ರಂಜನಿ ಊರಿನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಅಮ್ಮ ಹೋದಂದಿನಿಂದ ಎಲ್ಲವೂ ಅವಳಿಗೆ ಬರೀ ರೀಡಿಂಗ್ ಆಗಿ ತಲುಪುತ್ತಿತ್ತು. ಬಿಸಿ ಕಾಫಿ ನಾಲಿಗೆ ಸುಟ್ಟರೆ, ನಾಲಿಗೆ ಸುಟ್ಟಿತು ಎಂದು ತಿಳಿಯುತ್ತಿತ್ತು. ಉರಿ ಮಾತ್ರ ಬೇರೆ ಯಾರದೋ ನಾಲಿಗೆಯಲ್ಲಿ ಆಗುತ್ತಿದ್ದಂತೆ.

ಒಂದು ಸಲ ಅತ್ತುಬಿಡು, ಹಗುರಾಗುತ್ತೆ ಎಂದಿದ್ದಳು ಸಹೋದ್ಯೋಗಿ ಸ್ನೇಹಲತಾ. ರಂಜನಿ ಪ್ರಯತ್ನಪಟ್ಟಿದ್ದಳು. ಅಮ್ಮನ ಸೀರೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಹನ್ನೊಂದು ನಿಮಿಷ ಕೂತಳು. ಕೊನೆಗೆ ಸೀರೆಯ ಮಡಿಕೆ ಸರಿ ಮಾಡಿ ಬೀರುವಿನಲ್ಲಿಟ್ಟು, ಉತ್ತರ ಪತ್ರಿಕೆ ತಿದ್ದಲು ಹೋದಳು.

ಹಿತ್ತಲಿಗೆ ಇಟ್ಟಿಗೆ ಹಾಸಿಸುವ ಹಟ ಅಪ್ಪನದು. ನಿವೃತ್ತ ಪೋಸ್ಟ್‌ಮಾಸ್ಟರ್ ಲಕ್ಷ್ಮೀನರಸಿಂಹಯ್ಯನವರಿಗೆ ಅಡುಗೆಮನೆಯ ಹಳೇ ಕ್ಯಾಲೆಂಡರಿನ ಹಿಂದೆ ಹೆಂಡತಿಯ ಕೈಬರಹದಲ್ಲಿ 'ಇಟ್ಟಿಗೆ ಶಶಿ' ಎಂಬ ಹೆಸರೂ ಒಂದು ನಂಬರೂ ಸಿಕ್ಕಿತ್ತು. ಮಳೆಗಾಲಕ್ಕೆ ಮುಂಚೆ ಆಗಬೇಕು ಎಂದು ಅವರೇ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿ ಕರೆಸಿದ್ದರು.

ಇವನು ಬೇಡ, ಬೇರೆಯವರನ್ನು ನೋಡೋಣ ಎಂದು ರಂಜನಿ ಆ ದಿನವೇ ಹೇಳಿದಳು.

"ನಿಮ್ಮಮ್ಮ ಆರಿಸಿದ ಜನ ಮಗೂ," ಎಂದರು ಅಪ್ಪ. "ಅವಳು ಆರಿಸಿದ್ದನ್ನ ನಾನು ಇಷ್ಟು ವರ್ಷದಲ್ಲಿ ಬದಲಾಯಿಸಿದ್ದು ನೋಡಿದ್ದೀಯಾ?"

ಹಾಗಾದರೆ ಅವನೇ ಮಾಡಲಿ. ಒಂದೊಂದು ಇಂಚನ್ನೂ ನಾನು ನಿಂತು ನೋಡುತ್ತೇನೆ ಎಂದುಕೊಂಡಳು ರಂಜನಿ.

ಮಾರ್ಚ್ ತಿಂಗಳು. ಬೆಳಗ್ಗೆ ಪರೀಕ್ಷಾ ಕೊಠಡಿಯ ಕೆಲಸ ಮುಗಿಸಿ ಎರಡು ಗಂಟೆಗೆಲ್ಲ ಮನೆಗೆ ಬಂದು, ಹಿತ್ತಲ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು.

ಮೊದಲ ದಿನ ಅವನು ಒಂದು ಅಡಿ ಆಳಕ್ಕೆ ಮಣ್ಣು ತೆಗೆಸಿದ. ಆಳುಗಳು ಬಾಂಡ್ಲಿಗೆ ತುಂಬಿ ಹೊರಗೆ ಸಾಗಿಸುವಾಗ ರಂಜನಿ ಎಣಿಸುತ್ತ ಕೂತಳು. ಅಮ್ಮ ಬಿದ್ದ ಜಾಗದ ಮಣ್ಣು ನಲವತ್ತೊಂದನೆಯ ಬಾಂಡ್ಲಿಯಲ್ಲಿ ಹೋಯಿತು.

ಆ ಜಾಗಕ್ಕೆ ಬಂದಾಗ ಶಶಿಕುಮಾರ್ ಆಳಿನ ಕೈಯಿಂದ ಸನಿಕೆ ತೆಗೆದುಕೊಂಡು ತಾನೇ ಅಗೆದ. ಅದನ್ನೂ ಅವಳು ಗಮನಿಸಿದಳು. ಜಾಗ ಇವನಿಗೆ ಹೇಗೆ ಗೊತ್ತು? ಅಪ್ಪ ಹೇಳಿರಬೇಕು.

ಎರಡನೆಯ ದಿನ ಜಲ್ಲಿ ಸುರಿದು, ನೀರು ಚಿಮುಕಿಸಿ, ದಮ್ಮಸ್ಸು ಹಾಕಿ ಬಿಗಿ ಮಾಡಿದರು. ತಳ ಎಷ್ಟು ಗಟ್ಟಿಯಾಗಿದೆ ಎಂದು ರಂಜನಿ ಕಬ್ಬಿಣದ ಸರಳು ಚುಚ್ಚಿ ನೋಡಿದಳು. ಮೂರು ಕಡೆ ಸರಿಯಿತ್ತು. ಮೂಲೆಯಲ್ಲಿ ಒಂದು ಕಡೆ ಸರಳು ಒಳಗಿಳಿಯಿತು. ಅವನು ವಾದ ಮಾಡದೆ ಆ ಮೂಲೆಯನ್ನು ಕಿತ್ತು ಮತ್ತೆ ತುಂಬಿಸಿದ.

"ವೈವಾ ಮುಗೀತಾ ಅವನದು? ಪಾಸಾ, ಫೇಲಾ?" ಎಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು.

ಅವಳು ಅಪ್ಪನ ತಟ್ಟೆಗೆ ಮಜ್ಜಿಗೆ ಬಡಿಸಿದಳು. ಸರಳು ಇಳಿದಾಗ ಅವನು ಅಂದ ಒಂದು ಮಾತು ನೆನಪಾಯಿತು... "ಒಳ್ಳೇದಾಯ್ತು, ಮಳೆ ಬಂದ್ಮೇಲೆ ಗೊತ್ತಾಗೋದು ಈಗ್ಲೇ ಗೊತ್ತಾಯ್ತು."

ಮೂರನೆಯ ದಿನ ಆಳುಗಳು ಊಟಕ್ಕೆ ಹೋಗಿದ್ದಾಗ ಅವನು ಮೆಟ್ಟಿಲ ಹತ್ತಿರ ಬಂದ. ಕೈಯಲ್ಲಿ ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು.

"ಮೇಡಂ, ಒಂದು ತುದಿ ಇಡ್ಕೋತೀರಾ? ಮಟ್ಟ ನೋಡ್ಬೇಕು."

ಟ್ಯೂಬ್ ಲೆವೆಲ್. ನೀರು ಎರಡು ತುದಿಯಲ್ಲೂ ಒಂದೇ ಎತ್ತರದಲ್ಲಿ ನಿಲ್ಲುತ್ತದೆ ಎಂದು ಅವಳು ಹತ್ತು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದಳು. ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅವನು ಹಿತ್ತಲಿನ ಆ ಕೊನೆಗೆ, ತೆಂಗಿನ ಮರದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ನಿಮ್ ಕಡೆ ನೀರು ನಿಂತಿದೆಯಾ?"

"ಇನ್ನೂ ಇಲ್ಲ. ಅಲ್ಲಾಡ್ತಿದೆ."

"ನಿಲ್ಲಲಿ. ಅವಸರ ಇಲ್ಲ."

ರಂಜನಿಯ ಬೆರಳು ಪೈಪಿನ ಮೇಲೆ ಒಂದು ಗಳಿಗೆ ಬಿಗಿಯಾಯಿತು. ಏಳು ತಿಂಗಳಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಅಳು ಎನ್ನುವವರಿದ್ದರು. ಮರೆತುಬಿಡು ಎನ್ನುವವರಿದ್ದರು. ಅಪ್ಪನನ್ನು ಕರೆದುಕೊಂಡು ಹಾಸನದಲ್ಲಿ ಮನೆ ಮಾಡು, ಈಗಲಾದರೂ ಮದುವೆ ಆಗು ಎನ್ನುವವರಿದ್ದರು. ಎಲ್ಲರಿಗೂ ಅವಳ ಪರವಾಗಿ ಅವಸರವಿತ್ತು.

ನೀರು ನಿಂತಿತು. ಅವಳು ಹೇಳಿದಳು. ಅವನು ಗುರುತು ಹಾಕಿಕೊಂಡ.

ಆರು ಅಡಿಗೆ ಒಂದು ಇಂಚಿನಂತೆ ಮರದ ಕಡೆಗೆ ಇಳಿಜಾರು ಕೊಡುವುದಾಗಿ ವಿವರಿಸಿದ. ನೀರು ಮನೆಯ ಕಡೆ ಬರಬಾರದು, ಹಾಗೆಂದು ಒಂದೇ ಕಡೆ ನಿಲ್ಲಲೂ ಬಾರದು, ನಿಂತ ಕಡೆಯೆಲ್ಲ ಪಾಚಿ... ಎನ್ನುತ್ತಿದ್ದವನು ತಟ್ಟನೆ ಮಾತು ನಿಲ್ಲಿಸಿ ಪೈಪು ಸುತ್ತತೊಡಗಿದ.

ಆ ದಿನ ಅವಳು ಅವನಿಗೆ ತಾನೇ ಕಾಫಿ ಮಾಡಿಕೊಟ್ಟಳು. ಯಾಕೆ ಮಾಡಿದೆ ಎಂದು ಲೋಟ ತೊಳೆಯುವಾಗ ಯೋಚಿಸಿದಳು. ಮರುದಿನ ಕಾಲೇಜಿನಿಂದ ಬರುವಾಗ ಗೇಟಿನ ಹೊರಗೆ ಅವನ ಬೈಕು ನಿಂತಿದೆಯೇ ಎಂದು ದೂರದಿಂದಲೇ ನೋಡಿದಳು. ಈ ಎರಡನ್ನೂ ಮನಸ್ಸಿನಲ್ಲಿ ಗುರುತು ಮಾಡಿಕೊಂಡಳು, ಕಾರಣ ಸಿಗದ ರೀಡಿಂಗ್ ಎಂದು.

* * *

ಶನಿವಾರ ಇಟ್ಟಿಗೆ ಬಂತು.

ಟ್ರ್ಯಾಕ್ಟರಿನಿಂದ ಇಳಿಸುವಾಗಲೇ ಅವಳಿಗೆ ಕಂಡಿತು. ಬೂದು ಬಣ್ಣ ಮಾಸಿತ್ತು, ಅಂಚಿನಲ್ಲಿ ಧೂಳು ಕಟ್ಟಿತ್ತು. ಒಂದನ್ನು ತಿರುಗಿಸಿದಳು. ತಳದಲ್ಲಿ ಒಣಗಿದ ಹಸಿರು ಕಲೆ.

ಪಾಚಿ.

"ಹಳೇ ಸ್ಟಾಕ್ ತಂದು ಸುರಿತಿದ್ದೀರಾ?" ಆಳುಗಳೆಲ್ಲ ಕೆಲಸ ನಿಲ್ಲಿಸಿ ತಿರುಗಿದರು. "ಯಾರೋ ಬೇಡ ಅಂದದ್ದು, ನಮ್ಮನೆಗೆ ಬಂತು. ಅಲ್ವಾ?"

ಅವನ ಮುಖದಲ್ಲಿ ಏನೋ ಸರಿದು ಹೋಯಿತು.

"ಹಳೇದೇ ಮೇಡಂ. ಒಂದು ವರ್ಷದ್ದು. ಗಟ್ಟಿಗೇನೂ ಮೋಸ ಇಲ್ಲ."

"ಒಂದು ಸಲ ಬರ್ತೀನಿ ಅಂದು ಬರಲಿಲ್ಲ. ಈಗ ಬಂದು ಹೀಗೆ ಮಾಡ್ತಿದ್ದೀರಿ. ನಾನೇ ನಿಮ್ಮ ಯಾರ್ಡಿಗೆ ಬಂದು ಹೊಸದು ಆರಿಸ್ತೀನಿ. ಅಲ್ಲಿಯವರೆಗೆ ಒಂದನ್ನೂ ಹಾಕಬೇಡಿ."

ಅವನು ಅವಳ ಕೈಯಲ್ಲಿದ್ದ ಇಟ್ಟಿಗೆಯನ್ನು ನೋಡಿದ, ತೆಗೆದುಕೊಳ್ಳಲು ಕೈ ಚಾಚಲಿಲ್ಲ. ಸರಿ ಮೇಡಂ ಎಂದು, ಆಳುಗಳನ್ನು ಕಳಿಸಿ, ತಾನೂ ಹೋದ.

ಭಾನುವಾರ ಬೆಳಗ್ಗೆ ರಂಜನಿ ಸ್ಕೂಟಿಯಲ್ಲಿ ಹಳೇಕೋಟೆ ರಸ್ತೆಗೆ ಹೋದಳು. ಅವನಿರಲಿಲ್ಲ. ಅರಕಲಗೂಡಿಗೆ ಲೋಡು ಕೊಡಲು ಹೋಗಿದ್ದನಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಟ್ಟಿಗೆಗೆ ನೀರು ಹಾಯಿಸುತ್ತಿದ್ದ ಲಕ್ಕಮ್ಮ ಎಂಬ ಹೆಂಗಸೊಬ್ಬಳೇ ಅಲ್ಲಿದ್ದದ್ದು.

ಇಟ್ಟಿಗೆಗಳನ್ನು ಸಾಲುಸಾಲಾಗಿ ಅಟ್ಟಿ ಕಟ್ಟಿದ್ದರು. ಪ್ರತಿ ಅಟ್ಟಿಗೂ ಒಂದೊಂದು ತಗಡು ಸಿಕ್ಕಿಸಿ, ಅಚ್ಚು ಹಾಕಿದ ತಾರೀಖನ್ನೂ ಯಾರಿಗೆಂದು ಹಾಕಿದರೋ ಅವರ ಹೆಸರನ್ನೂ ಬಣ್ಣದಲ್ಲಿ ಬರೆದಿದ್ದರು. ಇಪ್ಪತ್ತೆಂಟು ದಿನ ನೀರು ಕುಡಿಸದೆ ಯಾವುದನ್ನೂ ಹೊರಗೆ ಬಿಡುವುದಿಲ್ಲವೆಂದು ಲಕ್ಕಮ್ಮ ಹೆಮ್ಮೆಯಿಂದ ವಿವರಿಸಿದಳು.

ಕೊನೆಯ ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲಿನ ನೆಲದ ಮೇಲೆ ಬಿಸಿಲು ಕಾಣದ ಬಿಳಿಚಿದ ಚೌಕ. ಪಕ್ಕದಲ್ಲಿ ತುಕ್ಕು ಹಿಡಿದ ತಗಡು ಗೋಡೆಗೆ ಒರಗಿತ್ತು.

ರಂಗನಾಯಕಮ್ಮನೋರು, ಹೊಳೆನರಸೀಪುರ, ಹಿತ್ತಲು. 11 ಫೆಬ್ರವರಿ.

ಕಳೆದ ವರ್ಷದ ಫೆಬ್ರವರಿ.

"ಅದಾ? ಅದು ಅಮ್ಮೋರ ಇಟ್ಗೆ ಕಣವ್ವಾ," ಎಂದಳು ಲಕ್ಕಮ್ಮ. "ನೆನ್ನೆ ತಾನೆ ಓಯ್ತು. ಅದುನ್ನ ಜಾಗ ಸಾಲ್ದೆ ಎಲ್ಡು ಸಲ ಎತ್ತಿ ಎತ್ತಿ ಮಡಗಿ ನನ್ ಸೊಂಟ ಬಿದ್ದೋಗಿತ್ತು. ಚನ್ನರಾಯಪಟ್ಣದೋರು ಬಂದು ಕೇಳುದ್ರೂ ನಮ್ ಯಜಮಾನ್ರು ಕೊಡ್ನಿಲ್ಲ. ಇದುಕ್ಕೆ ಹೆಸ್ರು ಬರ್ದೀವಿ ಅಂದ್ಬುಟ್ರು. ನಾನಂದೆ, ಇಟ್ಗೆನೇ ಮದ್ವೆ ಆಗ್ಬುಡಿ ಅತ್ಲಾಗೆ ಅಂತ."

ನಗುತ್ತಲೇ ಅವಳು ಇನ್ನಷ್ಟು ಹೇಳಿದಳು. ಆ ಅಮ್ಮನವರ ಮನೆಗೆ ಯಜಮಾನರು ಮೂರು ತರದ ಇಟ್ಟಿಗೆ ತೋರಿಸಲು ಒಯ್ದಿದ್ದರಂತೆ. ಅವರು ಮೂರನ್ನೂ ನೆಲಕ್ಕಿಟ್ಟು, ಮೇಲೆ ಸೀಗೆಪುಡಿ ಕಲಸಿದ ನೀರು ಸುರಿದು, ಬರಿಗಾಲಲ್ಲಿ ಒಂದೊಂದನ್ನೇ ತುಳಿದು ನೋಡಿದರಂತೆ. ಎರಡು ಜಾರಿದವು. ಒರಟು ಮುಖದ್ದು ಜಾರಲಿಲ್ಲ. ಇದೇ ಇರಲಿ ಅಂದರಂತೆ. ಆ ಕತೆಯನ್ನು ಯಜಮಾನರು ಇಲ್ಲಿ ಬಂದು ನಕ್ಕೂ ನಕ್ಕೂ ಹೇಳಿದ್ದರಂತೆ.

ರಂಜನಿ ಆ ತಗಡನ್ನು ಕೈಗೆತ್ತಿಕೊಂಡಳು. "ಮತ್ತೆ... ಯಾಕೆ ಹಾಕಲಿಲ್ಲ?"

"ಮಗಳಂತೆ, ಓದ್ಕೊಂಡೋರಂತೆ, ಬ್ಯಾಡ ಅಂದ್ರಂತೆ. ಫೋನೂ ಮಾಡ್ಬ್ಯಾಡ ಅಂದ್ಬುಟ್ರಂತೆ." ಲಕ್ಕಮ್ಮ ಪೈಪನ್ನು ಇನ್ನೊಂದು ಅಟ್ಟಿಗೆ ತಿರುಗಿಸಿದಳು. "ನೀವು ಯಾರವ್ವಾ?"

"ನಾನು..." ಎಂದಳು ರಂಜನಿ. "ಇಟ್ಟಿಗೆ ನೋಡೋಕೆ ಬಂದೆ."

* * *

ಸ್ಕೂಟಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಮೊಬೈಲು ತೆಗೆದಳು. ಯಾರ್ಡಿನ ಬೋರ್ಡಿನ ಮೇಲಿದ್ದ ನಂಬರನ್ನು ಹಳೇ ಮೆಸೇಜುಗಳಲ್ಲಿ ಹುಡುಕಿದಳು. ಹೆಸರಿಲ್ಲದ ಆ ನಂಬರು ಸಿಕ್ಕಿತು. ಕಳೆದ ವರ್ಷ ಮಾರ್ಚ್ ಹದಿನಾಲ್ಕು.

'ನಮಸ್ಕಾರ ಮೇಡಂ. ಅಮ್ಮನವರು ಈ ನಂಬರ್ ಕೊಟ್ಟಿದ್ದರು. ಎರಡು ಸಲ ಫೋನ್ ಮಾಡಿದೆ. ಇಟ್ಟಿಗೆ ರೆಡಿ ಇದೆ. ಯಾವಾಗ ಬರಲಿ?'

ಅದರ ಕೆಳಗೆ ಅವಳ ಉತ್ತರ.

'ಈಗ ಬೇಡ. ಪರೀಕ್ಷೆ ಕೆಲಸ ಇದೆ. ಮತ್ತೆ ಫೋನ್ ಮಾಡಬೇಡಿ.'

ಯಾವ ಕೊಠಡಿಯಲ್ಲಿ ಕೂತು ಬರೆದಳೋ, ನೆನಪಿಲ್ಲ. ಆದರೆ ಇನ್ನೊಂದು ನೆನಪಾಯಿತು. ಅದೇ ವಾರ, ಬಡಿಸುತ್ತ ಬಡಿಸುತ್ತ ಅಮ್ಮ ಕೇಳಿದ್ದಳು, ಆ ಇಟ್ಟಿಗೆ ಹುಡುಗ ಏನಾದರೂ ಫೋನ್ ಮಾಡಿದ್ದನಾ ಎಂದು. ಪ್ರಶ್ನೆಪತ್ರಿಕೆಯಿಂದ ತಲೆ ಎತ್ತದೆ ರಂಜನಿ ಇಲ್ಲ ಎಂದಿದ್ದಳು.

ಎಲ್ಲರೂ ಹೀಗೇ, ಒಪ್ಕೊಂಡು ಬರೋದೇ ಇಲ್ಲ ಎಂದು ಅಮ್ಮ ಸಾರು ಬಡಿಸಿದ್ದಳು.

ಲಾರಿಯೊಂದು ಹಾರ್ನ್ ಮಾಡುತ್ತ ಹೋಯಿತು. ಅವಳು ಅಳಲಿಲ್ಲ. ಮನೆಗೆ ಬಂದು, ಜಗಲಿಯಲ್ಲಿ ಕೂತಿದ್ದ ಅಪ್ಪನ ಕೈಗೆ ಮೊಬೈಲು ಕೊಟ್ಟು, ಎದುರಿಗೆ ನಿಂತಳು.

ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ನಾನು ದಿನಾ ತುಳಸಿ ಕೊಯ್ಯೋಕೆ ಆ ಪಾಚಿ ಮೇಲೇ ಹೋಗ್ತಿದ್ದೆ ಮಗೂ," ಎಂದರು ಕೊನೆಗೆ. "ಎರಡು ಬಾಂಡ್ಲಿ ಮರಳು ತರಿಸಿ ಚೆಲ್ಲಿದ್ದರೆ ಆಗ್ತಿತ್ತು. ನಾಳೆ, ನಾಳೆ ಅಂತ ಬಿಟ್ಟೆ. ಇದನ್ನ ನೀನೊಬ್ಬಳೇ ಇಟ್ಕೋಬೇಡ. ನನಗೂ ಪಾಲಿದೆ."

ಮೊಬೈಲು ಹಿಂದಿರುಗಿಸುತ್ತ ಮತ್ತೆ ಅಂದರು, "ಆ ಹುಡುಗ ನನ್ನ ಹತ್ರಾನೂ ಬಾಯಿ ಬಿಡಲಿಲ್ಲ ನೋಡು."

ಸೋಮವಾರ ಮಧ್ಯಾಹ್ನ ಅವನು ಬಂದಾಗ ರಂಜನಿ ಒಂದೇ ಮಾತು ಹೇಳಿದಳು. ಈ ಇಟ್ಟಿಗೆಯನ್ನೇ ಹಾಕಿ.

ಅವನು ಯಾಕೆ ಎಂದು ಕೇಳಲಿಲ್ಲ. ಲಕ್ಕಮ್ಮ ವರದಿ ಒಪ್ಪಿಸಿದ್ದಳೋ ಏನೋ. ಮರಳಿನ ಹಾಸನ್ನು ಪಟ್ಟಿ ಎಳೆದು ಸಮ ಮಾಡಿ, ಮನೆಯ ಗೋಡೆಯ ಕಡೆಯಿಂದ ಶುರು ಮಾಡಿದ. ರಬ್ಬರ್ ಸುತ್ತಿಗೆಯಲ್ಲಿ ಎರಡು ಏಟು, ಕಿವಿಗೊಟ್ಟು ಒಂದು ಕ್ಷಣ, ಮುಂದಿನದು. ರಂಜನಿ ಕುರ್ಚಿಯಲ್ಲಿ ಕೂರಲಿಲ್ಲ. ಅಟ್ಟಿಯಿಂದ ಎರಡೆರಡು ಇಟ್ಟಿಗೆ ತಂದು ಅವನ ಕೈಗೆಟಕುವಲ್ಲಿ ಇಡುತ್ತ ಹೋದಳು. ಅಂಗೈ ತರಚಿತು. ತರಚಿದ್ದು ಗೊತ್ತಾಯಿತು. ಮೂರು ದಿನ ಹೀಗೇ ನಡೆಯಿತು.

ಗುರುವಾರ ಮೂರು ಗಂಟೆಗೆ ಸಂದುಗಳಿಗೆ ಸಣ್ಣ ಮರಳು ಗುಡಿಸಿ ತುಂಬಿ, ಅದುರುವ ಮಷೀನು ಓಡಿಸಿ ಮುಗಿಸಿದರು. ಆಳುಗಳು ಸಾಮಾನು ಹೊತ್ತು ಹೋದರು. ಅವನು ತೆಂಗಿನ ಮರದ ಬಳಿ ಕೈಕಾಲು ತೊಳೆಯುತ್ತಿದ್ದ.

ರಂಜನಿ ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು ಹಿತ್ತಲಿಗೆ ಇಳಿದಳು.

ಇಟ್ಟಿಗೆ ಸುಡುತ್ತಿತ್ತು.

ಸುಟ್ಟಿತು ಎಂಬ ವರದಿಯಲ್ಲ... ಉರಿ. ಅವಳದೇ ಅಂಗಾಲಿನಲ್ಲಿ. ಕಾಲು ಎತ್ತಲು ಹೋದಳು, ಎತ್ತಲಿಲ್ಲ. ಒರಟು ಮುಖ ಪಾದವನ್ನು ಹಿಡಿದುಕೊಂಡಿತ್ತು. ಅಮ್ಮ ಸೀಗೆಪುಡಿ ನೀರು ಸುರಿದು, ಗೋಡೆಗೆ ಕೈ ಆನಿಸಿ, ಸೀರೆ ಎತ್ತಿ ಹಿಡಿದು ತುಳಿದ ಮುಖ.

ಕೆನ್ನೆಯ ಮೇಲೆ ನೀರು ಇಳಿಯುತ್ತಿರುವುದು ಅವಳಿಗೆ ಆಮೇಲೆ ತಿಳಿಯಿತು.

ಅವನು ಹತ್ತಿರ ಬರಲಿಲ್ಲ, ಹೊರಟೂ ಹೋಗಲಿಲ್ಲ. ಅಲ್ಲೇ ನಿಂತ.

"ಮೆಸೇಜು ನೋಡಿದೆ," ಎಂದಳು ಅವಳು. "ಬೇಡ ಅಂದವಳು ನಾನು. ಅಮ್ಮ ಕೇಳಿದಾಗ ಸುಳ್ಳು ಹೇಳಿದವಳೂ ನಾನೇ. ನೀವು ಯಾಕೆ ತಪ್ಪು ನಂದು ಅಂದಿರಿ?"

"ನಂದೂ ಇತ್ತು." ಅವನು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ತಡೆದು ತಡೆದು ಹೇಳಿದ. "ಆ ಮೆಸೇಜು ನೋಡಿ ನಂಗೆ ಸಿಟ್ಟು ಬಂದಿತ್ತು. ಮನೆ ಗೊತ್ತಿತ್ತು. ಬಂದು ಅಮ್ಮೋರನ್ನ ಒಂದು ಮಾತು ಕೇಳ್ಬೋದಿತ್ತು. ದೊಡ್ಡೋರ ಮನೆ, ಬ್ಯಾಡ ಅಂದ್ಮೇಲೆ ನಾನ್ಯಾಕೆ ಓಗ್ಲಿ ಅಂತ ಜಂಬ ಮಾಡ್ದೆ. ಆಮೇಲೆ ಸುದ್ದಿ ಗೊತ್ತಾಯ್ತು. ಆವತ್ತಿಂದ ಆ ಇಟ್ಟಿಗೆ ಕಡೆ ತಿರುಗಿ ನೋಡಕ್ಕೂ ಆಗ್ತಿರ್ಲಿಲ್ಲ, ಮಾರಕ್ಕೂ ಆಗ್ತಿರ್ಲಿಲ್ಲ."

"ನನಗೆ ಹೇಳಬಹುದಿತ್ತಲ್ಲ."

"ಮೊದಲ್ನೇ ದಿನ ಹೇಳೋಣ ಅಂತಾನೇ ಇದ್ದೆ. ನಿಮ್ಮ ಮುಖ ನೋಡ್ದೆ. ಇದನ್ನ ಇಡೋಕೆ ಅಲ್ಲಿ ಜಾಗ ಇರ್ಲಿಲ್ಲ ಮೇಡಂ. ನನ್ನನ್ನೇ ಬೈಕೊಂಡಿರ್ಲಿ ಅನ್ನಿಸ್ತು. ಬೈಯೋಕಾದ್ರೂ ನೀವು ನನ್ ಜೊತೆ ಮಾತಾಡ್ತಿದ್ರಲ್ಲ..."

ಆ ಕೊನೆಯ ಮಾತು ತನಗೇ ತಿಳಿಯದೆ ಬಾಯಿಂದ ಬಂದದ್ದಿರಬೇಕು. ಅವನು ನೆಲ ನೋಡಿದ, ಟವೆಲು ಹೆಗಲಿಗೆ ಹಾಕಿಕೊಂಡ. ಒಂದು ವಾರ ಬಿಟ್ಟು ಸಂದಿಗೆ ಇನ್ನೊಂದು ಸಲ ಮರಳು ತುಂಬಬೇಕು, ಆಳು ಕಳಿಸುತ್ತೇನೆ ಎಂದು ಬೇಲಿಯ ಗೇಟಿನ ಕಡೆಗೆ ತಿರುಗಿದ.

ಆಳು ಕಳಿಸುತ್ತಾನಂತೆ.

ರಂಜನಿ ಮೊಬೈಲು ತೆಗೆದಳು. ಆ ಹೆಸರಿಲ್ಲದ ನಂಬರಿಗೆ ಮೊದಲು ಹೆಸರು ಬರೆದಳು. ಅಮ್ಮ ಕ್ಯಾಲೆಂಡರಿನ ಹಿಂದೆ ಬರೆದಿದ್ದಂತೆಯೇ, ಇಟ್ಟಿಗೆ ಶಶಿ. ನಂತರ ಒಂದು ವರ್ಷದ ಹಿಂದಿನ ತನ್ನ ಸಾಲಿನ ಕೆಳಗೆ ಎರಡು ಪದ ಬರೆದು ಕಳಿಸಿದಳು.

ಗೇಟಿನ ಚಿಲಕದ ಮೇಲೆ ಕೈಯಿಟ್ಟಿದ್ದವನ ಜೇಬಿನಲ್ಲಿ ಟಿಣ್ ಎಂದಿತು. ಅವನು ತೆಗೆದು ನೋಡಿದ.

'ಮತ್ತೆ ಫೋನ್ ಮಾಡಬೇಡಿ.' ಅದರ ಕೆಳಗೆ, 'ಫೋನ್ ಮಾಡಿ.'

ಹದಿನೆಂಟು ಅಡಿ ದೂರದಲ್ಲಿ ಅವನು ಬೆನ್ನು ತಿರುಗಿಸಿಕೊಂಡೇ ನಿಂತಿದ್ದ. ಮೊಬೈಲು ಕಿವಿಗೆ ಹೋಯಿತು. ಅವಳ ಕೈಯಲ್ಲಿ ರಿಂಗಾಯಿತು.

"ಹಲೋ... ಮೇಡಂ?"

"ರಂಜನಿ."

ಅವನು ನಿಧಾನವಾಗಿ ತಿರುಗಿದ. ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ನಗು ಮೂಡುವುದೋ ಬೇಡವೋ ಎಂಬಂತಿತ್ತು.

"ರಂಜನಿ ಅವರೇ... ಇಟ್ಟಿಗೆ ರೆಡಿ ಇದೆ. ಯಾವಾಗ ಬರಲಿ?"

"ಈಗಲೇ ಬನ್ನಿ," ಎಂದಳು ಅವಳು. "ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ. ಸುಡುತ್ತೆ... ಆದ್ರೆ ಜಾರಲ್ಲ."